ಎಡಗೈಯ ನಡುಕ

ನಮ್ಮ ಮನೆಯವರು ಕಿವಿ, ಮೂಗು, ಗಂಟಲಿನ ಡಾಕ್ಟರು. ಕಲಬುರಗಿಯಲ್ಲಿ ನಮ್ಮದು ಕೆಳಗೆ ದವಾಖಾನೆ, ಮೇಲೆ ಮನೆ. ಕಿವಿಯ ಹಿಂದಿನ ಎಲುಬು ಕೊರೆಯುವ ಯಂತ್ರ ಕೆಳಗೆ ಶುರುವಾಯಿತೆಂದರೆ ಅದರ ಸಪ್ಪಳ ಫರಸಿಕಲ್ಲಿನೊಳಗಿಂದ ಹಾದು, ಅಡುಗೆಮನೆಯಲ್ಲಿ ನಿಂತ ನನ್ನ ಅಂಗಾಲಿಗೆ ಬರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಹೆದರಿಕೆಯಾಗುತ್ತಿತ್ತು. ಒಬ್ಬರ ತಲೆ ಕೊರೆಯುತ್ತಿರುವಾಗ ನಾನು ಇಲ್ಲಿ ಬದನೆಕಾಯಿ ಹೆಚ್ಚುವುದು ಹೇಗೆ ಅನಿಸುತ್ತಿತ್ತು. ಆಮೇಲೆ ರೂಢಿಯಾಯಿತು. ಸಪ್ಪಳ ನಿಂತರೆ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದೆ. ಅವರು ಕೈ ತೊಳೆದು ಮೇಲೆ ಬರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು.

ದಿನಾ ಸಂಜೆ ದೀಪ ಹಚ್ಚುವಾಗ ಆ ದಿನ ಶಿವ ಕೊಟ್ಟದ್ದನ್ನು ಎಣಿಸಬೇಕು ಎಂದು ನನ್ನ ತಾಯಿ ಕಲಿಸಿದ್ದಳು. ದೊಡ್ಡದೇನೂ ಬೇಕಿಲ್ಲ. ಹಾಲು ಒಡೆಯಲಿಲ್ಲ, ನಲ್ಲಿಗೆ ನೀರು ಬಂತು, ಕೆಳಗಿನ ರೋಗಿಗಳೆಲ್ಲ ನೆಟ್ಟಗೆ ಉಸಿರಾಡುತ್ತಿದ್ದಾರೆ, ಇಂಥವು. ಈಗ ಬರೆಯಹೊರಟದ್ದರಲ್ಲಿ ಎಣಿಸುವುದಕ್ಕೆ ಕಡಿಮೆ ಇದೆ. ಇದ್ದಷ್ಟನ್ನು ಬಿಡದೆ ಎಣಿಸುತ್ತೇನೆ.

ಇವರು ಹುಟ್ಟಿದ್ದು ಕಮಲಾಪುರದಲ್ಲಿ, ಕೆಂಪು ಬಾಳೆ ಬೆಳೆಯುವ ಮನೆತನದಲ್ಲಿ. ಹುಡುಗ ಡಾಕ್ಟರ್ ಆದನೆಂದು ಊರಿಗೆಲ್ಲ ಸಂತೋಷವಾಗಿತ್ತಂತೆ. ಯಾವುದರ ಡಾಕ್ಟರ್ ಎಂದು ತಿಳಿದ ಮೇಲೆ ಸ್ವಲ್ಪ ಇಳಿಯಿತಂತೆ. ಹೃದಯದ ಡಾಕ್ಟರ್ ಬಂದರೆ ಜನ ಎದ್ದು ನಿಲ್ಲುತ್ತಾರೆ. ಕಿವಿ ಡಾಕ್ಟರ್ ಬಂದರೆ ಕೂತಲ್ಲೇ ಕಿವಿ ತೋರಿಸುತ್ತಾರೆ. ಒಂದು ಮದುವೆಯ ಊಟದಲ್ಲಿ ಪಕ್ಕದ ಎಲೆಯವರು ಹೋಳಿಗೆ ಬದಿಗಿಟ್ಟು, ಬಾಯಿ ತೆರೆದು ಇವರಿಗೆ ಗಂಟಲು ತೋರಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮೂರು ಅಂಗಡಿ ಇಟ್ಟೀನಿ, ಒಂದರಾಗಾದ್ರೂ ಗಿರಾಕಿ ಇರ್ತದ ಎಂದು ನಗುತ್ತಿದ್ದರು.

ಕೆಲಸದಲ್ಲಿ ಮಾತ್ರ ಬಹಳ ಬಿಗಿ. ಇವರ ಹತ್ತಿರ ಅದೇ ವಿದ್ಯೆ ಓದಿದ ಒಬ್ಬ ಲೇಡಿ ಡಾಕ್ಟರ್ ಇದ್ದಾಳೆ. ಬಂದು ಕೆಲವು ವರ್ಷಗಳಾದವು. ಚುರುಕು, ಮಾತು ಕಡಿಮೆ. ಆಕೆಗೆ ಟಾನ್ಸಿಲ್ ಕೊಡುತ್ತಿದ್ದರು, ಸೊಟ್ಟ ಮೂಗಿನ ಎಲುಬು ಕೊಡುತ್ತಿದ್ದರು. ಕಿವಿ ಕೊಡುತ್ತಿರಲಿಲ್ಲ. ಕಿವಿಯ ಆಪರೇಷನ್ ನಡೆದಾಗ ಪಕ್ಕದಲ್ಲಿ ನಿಂತು ನೋಡಬೇಕು, ನೀರು ಬಿಡಬೇಕು, ಅಷ್ಟೆ. ಇವರ ಗುರುಗಳೂ ಇವರನ್ನು ಹಾಗೆಯೇ ವರ್ಷಗಟ್ಟಲೆ ನಿಲ್ಲಿಸಿದ್ದರಂತೆ. ಗುರುಗಳಿಗೆ ಕಣ್ಣಿನ ಪೊರೆ ಬಂದ ಮೇಲೆಯೇ ಇವರ ಕೈಗೆ ಯಂತ್ರ ಬಂತಂತೆ. ಈ ಕಸುಬೇ ಹಾಗೆ, ಮೇಲಿನವರು ಕೆಲಸ ಕಲಿಸುತ್ತಾರೆ, ಕೈ ಮಾತ್ರ ಕೊಡುವುದಿಲ್ಲ. ಕೊಟ್ಟರೆ ನಾಳೆ ಆಕೆ ಎದುರಿನ ರಸ್ತೆಯಲ್ಲೇ ಬೋರ್ಡು ಹಾಕುತ್ತಾಳೆ ಎಂಬ ಭಯ. ಆ ಹುಡುಗಿ ಸುಮ್ಮನೆ ಕೂರಲಿಲ್ಲ. ಸತ್ತವರ ಎಲುಬಿನ ಮೇಲೆ ಕೊರೆಯುವ ಅಭ್ಯಾಸ ಮಾಡಿಸುವ ಕಡೆ, ಭಾನುವಾರ ಬಂದರೆ ರೈಲು ಹತ್ತಿ ಹೈದರಾಬಾದಿಗೆ ಹೋಗುತ್ತಿದ್ದಳು. ಸೋಮವಾರ ಬಂದಾಗ ಇವರು, ಏನವ್ವ, ನಿನ್ನಿ ಸ್ಮಶಾನ ಸೇವಾ ಆತೇನು ಎಂದು ಚುಚ್ಚುತ್ತಿದ್ದರು. ಆಕೆ ಹೂಂ ಸರ್ ಎಂದು ಏಪ್ರನ್ ಹಾಕಿಕೊಳ್ಳುತ್ತಿದ್ದಳು.

ಇನ್ನು ಪೂಜೆಯ ಮಾತು. ನಮ್ಮಲ್ಲಿ ಲಿಂಗ ಕಟ್ಟಿಕೊಂಡವರು ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಾರೆ. ಅಂಗೈಯನ್ನು ಎದೆಯ ಮುಂದೆ ಹಿಡಿದು, ರೆಪ್ಪೆ ಬಡಿಯದೆ ನೋಡಬೇಕು. ಎಷ್ಟೇ ತುರ್ತಿದ್ದರೂ ಇವರು ಅದನ್ನು ಬಿಟ್ಟವರಲ್ಲ. ನಾನು ಎದುರಿಗೆ ಕೂತು ಪತ್ರಿ ಕೊಡುತ್ತಿದ್ದೆ. ಹೀಗೆ ಒಂದು ದಿನ ಲಿಂಗದ ಮೇಲಿಟ್ಟ ಬಿಲ್ವಪತ್ರಿ ಅಲುಗಾಡುವುದನ್ನು ಕಂಡೆ. ಫ್ಯಾನ್ ಗಾಳಿ ಎಂದುಕೊಂಡು ಫ್ಯಾನ್ ಆರಿಸಿದೆ. ಪತ್ರಿ ಇನ್ನೂ ಅಲುಗಾಡುತ್ತಿತ್ತು. ಅಂಗೈ ನಡುಗುತ್ತಿತ್ತು. ಸಣ್ಣಗೆ, ತಂಬೂರಿ ತಂತಿಯ ಹಾಗೆ.

ನನಗೆ ಮೈ ಜುಮ್ಮೆಂದಿತು. ಅದಕ್ಕೊಂದು ಕಾರಣವಿತ್ತು. ನಮ್ಮ ಮಾವನವರನ್ನು ನಾನು ನೋಡಿದವಳಲ್ಲ, ನಾನು ಬರುವ ಮೊದಲೇ ಲಿಂಗೈಕ್ಯರಾಗಿದ್ದರು. ಅವರ ಕಥೆಯನ್ನು ನನಗೆ ಹೇಳಿದವಳು ನನ್ನ ನಾದಿನಿ, ಇವರ ತಂಗಿ. ಆಕೆಯನ್ನು ಕೊಟ್ಟದ್ದೂ ಕಮಲಾಪುರದಲ್ಲೇ. ಅಪ್ಪ ಲಿಂಗ ಹಿಡಿದು ಕೂತರೆ ಕೈ ಥರಥರ ನಡುಗುತ್ತಿತ್ತಂತೆ. ಶಿವ ಮೈಮೇಲೆ ಇಳಿಯುತ್ತಾನೆ ಎಂದು ಓಣಿಯ ಜನ ಮುಂಜಾನೆ ಬಂದು ಬಾಗಿಲಲ್ಲಿ ಕೂರುತ್ತಿದ್ದರಂತೆ, ಆ ಕೈಯನ್ನು ಕೂಸುಗಳ ತಲೆಯ ಮೇಲೆ ಇಡಿಸಿಕೊಳ್ಳುತ್ತಿದ್ದರಂತೆ. ಅದೇ ನಡುಕ ಈಗ ಮಗನ ಅಂಗೈಗೆ ಬಂದಿದೆ ಎಂದು ನಾನು ತಿಳಿದೆ. ಆ ಸಂಜೆ ದೀಪ ಹಚ್ಚಿ ಅದನ್ನೇ ಮೊದಲು ಎಣಿಸಿದೆ.

ನಾದಿನಿಗೆ ಫೋನ್ ಮಾಡಿ ಹೇಳಿದೆ. ಆಕೆ ಅತ್ತಳು. ಆಕೆಯಿಂದ ಊರಿಗೆ ಹೋಯಿತು. ಗುರುವಾರ ಗುರುವಾರ ಇವರು ಕಮಲಾಪುರಕ್ಕೆ ಹೋಗಿ ತಂಗಿಯ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು, ಅಲ್ಲಿ ಜನ ಹೆಚ್ಚಾದರು. ಕೈಯಾಗ ಶಿವ ಇರೋ ಡಾಕ್ಟರ್ ಎಂದು ಬರುವವರು ಹೆಚ್ಚಾದರು. ಶ್ರಾವಣದಲ್ಲಿ ಇವರು ಚಹಾ ಬಿಟ್ಟರು. ಏನಾದರೂ ವ್ರತ ಹಿಡಿದಿರಬೇಕು, ಕೇಳಬಾರದು ಎಂದು ಸುಮ್ಮನಿದ್ದೆ. ಕಿವಿಯೊಳಗಿನ ಅಕ್ಕಿಕಾಳಿನಷ್ಟು ಸಣ್ಣ ಎಲುಬಿನ ಆಪರೇಷನ್‌ಗಳನ್ನು ಸೋಲಾಪುರಕ್ಕೆ ಬರೆದು ಕಳಿಸತೊಡಗಿದರು. ದಣಿವಿರಬೇಕು, ಒಳ್ಳೆಯದೇ ಆಯಿತು ಎಂದುಕೊಂಡೆ. ಎಲ್ಲವೂ ಎದುರಿಗೇ ಇತ್ತು. ನಾನು ಒಂದೊಂದಕ್ಕೂ ಒಂದೊಂದು ಹೂವು ಏರಿಸುತ್ತಾ ಹೋದೆ.

ನಮ್ಮ ದವಾಖಾನೆಗೆ ಅರವಳಿಕೆ ಕೊಡುವ ಡಾಕ್ಟರ್ ಒಬ್ಬರಿದ್ದಾರೆ, ಇದೇ ಊರಿನ ರೋಜಾ ಬಡಾವಣೆ ಕಡೆಯವರು. ಇಲ್ಲಿನ ಜನ ಅವರನ್ನು ಬೇಹೋಶಿ ಡಾಕ್ಟರ್ ಎನ್ನುತ್ತಾರೆ. ಇವರಿಗೂ ಅವರಿಗೂ ಓದುವ ಕಾಲದ ಗೆಳೆತನ. ಚುರುಮುರಿ ನೆನೆಸಿ ನಾನು ಮಾಡುವ ಸುಸಲಾ ಎಂದರೆ ಅವರಿಗೆ ಪ್ರಾಣ. ಒಂದು ಗುರುವಾರ ಇವರು ಕಮಲಾಪುರಕ್ಕೆ ಹೋದಾಗ ಅವರು ಮಧ್ಯಾಹ್ನ ನಮ್ಮ ಮಹಡಿಗೆ ಬಂದರು. ಇವರಿಲ್ಲದಾಗ ಎಂದೂ ಬಂದವರಲ್ಲ. ಸುಸಲಾ ಹಾಕಿಕೊಟ್ಟೆ. ಒಂದು ತುತ್ತು ತಿಂದು, ಒಗ್ಗರಣೆ ಚಲೋ ಬಂದಿದೆ ಎಂದು ಹೊಗಳಿ, ಚಮಚವನ್ನು ತಾಟಿನಲ್ಲಿ ಆಡಿಸುತ್ತಾ ಕೂತರು.

"ಭಾಭಿ, ಟಿವಿದಾಗ ಚಿತ್ರ ಅಲುಗ್ಯಾಡಾಕತ್ತದ" ಎಂದರು.

ನಮ್ಮ ಟಿವಿ ಕೆಟ್ಟಿರಲಿಲ್ಲ. ಅವರೇ ಬಿಡಿಸಿ ಹೇಳಿದರು. ಮೂಗಿನ ಆಪರೇಷನ್‌ನಲ್ಲಿ ಡಾಕ್ಟರ್ ಎಡಗೈಯಲ್ಲಿ ದುರ್ಬೀನು ಹಿಡಿಯುತ್ತಾರೆ, ಪೆನ್ನಿನಷ್ಟು ತೆಳುವಾದ ಕೊಳವೆ. ಅದು ಕಂಡದ್ದು ಗೋಡೆಯ ಟಿವಿಯಲ್ಲಿ ಬೀಳುತ್ತದೆ. ಬಲಗೈಯಲ್ಲಿ ಕತ್ತರಿಸುವ ಸಾಮಾನು. ಎಡಗೈ ನಡುಗಿದರೆ ಟಿವಿಯ ಚಿತ್ರವೂ ನಡುಗುತ್ತದೆ. ಒಳಗೆ ಒಂದು ಕಡೆ ಕಣ್ಣು, ಮೇಲೆ ಮಿದುಳು, ನಡುವಿನ ಗೋಡೆ ಕಾಗದದಷ್ಟು.

"ರೋಗಿನ್ನ ಮಲಗಿಸಿ ನಾ ಕಾಲ ಕಡೆ ಕೂತಿರ್ತೀನಿ. ನೋಡಬಾರ್ದು ಅಂದ್ರೂ ಟಿವಿ ನನ್ನ ಎದುರಿಗೇ ಅದ" ಎಂದರು.

ನನಗೆ ಇನ್ನೂ ತಿಳಿಯಲಿಲ್ಲ. ಅದು ಪೂಜೆಯಲ್ಲೂ ಬರುತ್ತದೆ, ಮಾವನವರಿಗೂ ಬರುತ್ತಿತ್ತು, ಶಿವ ಬಂದಾಗ ಹಾಗಾಗುತ್ತದೆ ಎಂದೆ. ಹೇಳುವಾಗ ನನ್ನ ದನಿಯಲ್ಲಿ ಜಂಬವೇ ಇದ್ದಿರಬೇಕು. ಅವರು ಚಮಚ ಕೆಳಗಿಟ್ಟರು.

"ಭಾಭಿ, ನಿಮ್ಮ ದೇವ್ರಿಗಿ ನಾ ಏನೂ ಅನ್ನಂಗಿಲ್ಲ. ಆದ್ರ ದಿನಾ ಮುಂಜಾನಿ ಆಪರೇಷನ್ ಥಿಯೇಟರ್‌ಕ್ಕ ಬರೋದು ದೇವ್ರಲ್ಲ. ಅದು ಮನೆತನದಾಗ ಬರೋ ನಡುಕ. ಅಪ್ಪಗ ಇದ್ರ ಮಗಗ ಬರ್ತದ."

ಈ ಮಾತನ್ನು ಇವರಿಗೇ ಹೇಳಬಹುದಿತ್ತಲ್ಲ ಎಂದೆ. ಆಗದು ಎಂದರು. ಒಬ್ಬ ಸರ್ಜನ್‌ಗೆ ನಿನ್ನ ಕೈ ನಡುಗುತ್ತಿದೆ ಎಂದು ಇನ್ನೊಬ್ಬ ಡಾಕ್ಟರ್ ಹೇಳುವುದೆಂದರೆ, ನಿನ್ನ ಅಂಗಡಿ ಮುಚ್ಚು ಎಂದಂತೆ. ಅವರ ಕೈಕೆಳಗಿನ ಹುಡುಗಿ ಹೇಳಿದರೆ ಕುರ್ಚಿಗೆ ಆಸೆಪಟ್ಟಳು ಎನ್ನುತ್ತಾರೆ. ನರ್ಸ್ ಹೇಳಿದರೆ ಕೆಲಸ ಹೋಗುತ್ತದೆ. "ಸರ್ಕಾರಿ ನೌಕರಿ ಇದ್ರ ಅರವತ್ತಕ್ಕ ಹಾರ ಹಾಕಿ ಮನಿಗಿ ಕಳಸ್ತಾರ. ನಮಗ ಹಾರ ಹಾಕೋರು ಯಾರ್ರಿ?" ಎಂದು ಕೇಳಿ, ತಾಟು ಪೂರ್ತಿ ಮಾಡದೆ ಎದ್ದು ಹೋದರು.

ಮರುದಿನ ಊಟಕ್ಕೆ ಬಡಿಸುವಾಗ ಹೇಳಿದೆ. ಹೇಗೆ ಶುರುಮಾಡಬೇಕೆಂದು ಇಡೀ ಮುಂಜಾನೆ ಲೆಕ್ಕ ಹಾಕಿದ್ದೆ. ಕಡೆಗೆ ಬಾಯಿಗೆ ಬಂದದ್ದು, ಚಹಾ ಯಾಕ ಬಿಟ್ರಿ ಎಂಬುದಷ್ಟೆ. ಇವರು ಮುರಿದ ರೊಟ್ಟಿಯನ್ನು ಹಾಗೇ ಹಿಡಿದು ನನ್ನ ಮುಖ ನೋಡಿದರು. ಚಹಾ ಕುಡಿದರೆ ಜಾಸ್ತಿಯಾಗುತ್ತದೆ ಎಂದರು. ಅಂದರೆ ಇವರಿಗೆ ಎಲ್ಲಾ ಗೊತ್ತಿತ್ತು, ನಡುಕ ಬಲಗೈಗೂ ಇಳಿಯತೊಡಗಿದ್ದು ಸಹ. ಆಪರೇಷನ್‌ಗೆ ಮೊದಲು ಒಂದು ಗುಳಿಗೆ ತೆಗೆದುಕೊಳ್ಳುತ್ತಿದ್ದರು, ಮೊಣಕೈ ಊರುವುದಕ್ಕೆ ಒಂದು ದಿಂಬು ಹೊಲಿಸಿಕೊಂಡಿದ್ದರು. ಆ ದಿಂಬಿಗೆ ಬಟ್ಟೆಯನ್ನು ಸೂಪರ್ ಮಾರ್ಕೆಟ್ ಪೇಟೆಯಿಂದ ತಂದುಕೊಟ್ಟವಳು ನಾನೇ.

ನಿಲ್ಲಿಸಿಬಿಡಿ ಎಂದೆ. ಶಿವ ಉಣ್ಣುವುದಕ್ಕೆ ಕೊಟ್ಟಿದ್ದಾನೆ, ಔಷಧಿ ಬರೆದುಕೊಂಡು ಇರಿ ಎಂದೆ.

"ಔಷಧ ಬರಿಯೋರು ಊರ ತುಂಬ ಅದಾರ. ಕೈ ಬಿಟ್ರ ನಾ ಏನು? ಕಿವಿದಾಗಿನ ಹೊಲಸು ತೆಗಿಯೋ ಮುದುಕ" ಎಂದರು. ಸಿಟ್ಟಿರಲಿಲ್ಲ. ಅದು ನನಗೆ ಹೆಚ್ಚು ಸಂಕಟವಾಯಿತು. ದೀಪಾವಳಿ ತನಕ ಸಣ್ಣಪುಟ್ಟದ್ದು ಮಾಡಿ ನಿಲ್ಲಿಸುತ್ತೇನೆ, ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡರು.

ಅಷ್ಟರಲ್ಲಿ ನಾದಿನಿಯ ಕಿವಿಯ ಕಾಯಿಲೆ ಎದ್ದಿತು. ಆಕೆಗೆ ಎಡಗಿವಿ ಸೋರುವುದು ಸಣ್ಣಂದಿನಿಂದ. ಅಣ್ಣ ಕಿವಿಯ ಡಾಕ್ಟರ್, ತಂಗಿ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು ಅರಳೆ ತುರುಕಿಕೊಂಡು ಓಡಾಡುತ್ತಿದ್ದಳು. ದೀಪದ ಬುಡಕ್ಕೆ ಕತ್ತಲೆ ಎಂದು ನಾನು ಬೈದರೆ, ಅಣ್ಣಗ ಊರ ಕಿವಿನೇ ಮುಗೀವಲ್ದು, ನಂದ್ಯಾಕ ಎನ್ನುತ್ತಿದ್ದಳು. ಈಗ ತಲೆ ತಿರುಗಿ ಬಾಳೆಯ ತೋಟದಲ್ಲಿ ಬಿದ್ದಳು. ಸ್ಕ್ಯಾನ್ ಮಾಡಿಸಿದರೆ ಒಳಗಿನ ಎಲುಬನ್ನು ರೋಗ ತಿಂದುಬಿಟ್ಟಿತ್ತು. ಮುಖದ ನರ ಹಾಯುವ ಜಾಗದ ತನಕ ಬಂದಿತ್ತು. ಆಪರೇಷನ್ ಬಿಟ್ಟರೆ ದಾರಿಯಿಲ್ಲ. ಆ ನರಕ್ಕೆ ಪೆಟ್ಟಾದರೆ ಅರ್ಧ ಮುಖ ಜೋಲುತ್ತದೆ.

ಇವರು ಆಕೆಗೆ ಹೈದರಾಬಾದಿಗೆ ಹೋಗು ಎಂದರು. ಬೇಡವಾದರೆ ನಮ್ಮ ಲೇಡಿ ಡಾಕ್ಟರ್ ಮಾಡುತ್ತಾಳೆ, ನಾನು ಪಕ್ಕದಲ್ಲಿರುತ್ತೇನೆ ಎಂದರು. ಕಿವಿ ಕೊಡುತ್ತೇನೆಂದು ಇವರ ಬಾಯಲ್ಲಿ ಬಂದದ್ದು ಅದೇ ಮೊದಲು. ನಾದಿನಿ ಎರಡಕ್ಕೂ ಒಪ್ಪಲಿಲ್ಲ.

"ಅಪ್ಪನ ಕೈ ನಮ್ಮ ಮನ್ಯಾಗ ಇಟ್ಕೊಂಡು ನಾ ಮಂದಿ ಕೈಗಿ ತಲಿ ಕೊಡ್ಲೇನು? ನೀ ಮುಟ್ಟಿದ್ರ ಮುಟ್ಟು, ಇಲ್ಲಾಂದ್ರ ಹಿಂಗೇ ಸಾಯ್ತೀನಿ" ಎಂದಳು.

ಅಪ್ಪನ ಕೈ ಎಂದಾಗ ಇವರ ಮುಖದಲ್ಲಿ ಒಂದು ಬೆಳಕು ಬಂದುಹೋದದ್ದನ್ನು ನಾನು ನೋಡಿದೆ. ಬೇರೆ ಯಾರೂ ಬೇಡ ಎನ್ನುವ ಒಂದು ರೋಗಿ. ಸರ್ಜನ್ ಆದವನಿಗೆ ಅದಕ್ಕಿಂತ ದೊಡ್ಡ ಹಾರ ಇಲ್ಲವೇನೋ. ಸೋಮವಾರ ಮಾಡೋಣ ಎಂದುಬಿಟ್ಟರು.

ನಾನು ಬಸ್ ಹತ್ತಿ ಕಮಲಾಪುರಕ್ಕೆ ಹೋದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ಅದನ್ನು ದಾರಿಯಲ್ಲಿ ಶಿವನ ಪಾದಕ್ಕೆ ಹಾಕಿದೆ. ನಾದಿನಿ ಪಡಸಾಲೆಯಲ್ಲಿ ಬಾಳೆಯ ಗೊನೆಗಳಿಗೆ ಒಣ ಎಲೆ ಸುತ್ತುತ್ತಿದ್ದಳು. ತಲೆಗೆ ಬಿಗಿಯಾಗಿ ಸೆರಗು ಕಟ್ಟಿಕೊಂಡಿದ್ದಳು. ನಾನು ಪಕ್ಕದಲ್ಲಿ ಕೂತು ಎಲೆ ಎತ್ತಿ ಕೊಡುತ್ತಾ ಎಲ್ಲವನ್ನೂ ಹೇಳಿದೆ. ಟಿವಿ ಅಲುಗಾಡುವುದು, ಗುಳಿಗೆ, ದಿಂಬು, ಚಹಾ. ಅದು ಶಿವ ಅಲ್ಲ, ಕೈಯ ರೋಗ, ನಾನು ತಿಳಿಯದೆ ನಿನಗೆ ಫೋನ್ ಮಾಡಿದೆ ಎಂದೆ.

ಆಕೆ ಕೈ ನಿಲ್ಲಿಸಿದಳು. "ಹಂಗಾದ್ರ ನಮ್ಮಪ್ಪಗ ಬರ್ತಿದ್ದುದು?"

ನಾನು ಇನ್ನೊಂದು ಎಲೆ ಎತ್ತಿ ಕೊಟ್ಟೆ. ಆಕೆಗೆ ಅಷ್ಟೇ ಸಾಕಾಯಿತು.

"ವೈನಿ, ನೀವು ಶಹರದಾಗ ಇದ್ದು ಇದ್ದು ಎಲ್ಲಾದಕ್ಕೂ ಒಂದು ಗುಳಿಗಿ ಹುಡುಕ್ತೀರಿ. ಊರಿಗೆ ಊರೇ ನಮ್ಮಪ್ಪನ ಪಾದಾ ಹಿಡಿದದ. ಅವ್ರೆಲ್ಲಾ ಒಬ್ಬ ರೋಗಿ ಕಾಲು ಬಿದ್ರೇನು?" ಎಂದಳು. ಆಮೇಲೆ ಮೆತ್ತಗಾಗಿ, ನನ್ನ ಮೊಣಕಾಲು ತಟ್ಟಿ, ಹೋಗುವಾಗ ಒಂದು ಗೊನೆ ಒಯ್ಯಿರಿ, ಅಣ್ಣನಿಗೆ ಇಷ್ಟ ಎಂದಳು. ಆಕೆಯ ದೇವರನ್ನು ನಾನೇ ಆಕೆಯ ಕೈಗೆ ಕೊಟ್ಟು, ಈಗ ನಾನೇ ಕಸಿಯಲು ಹೋಗಿದ್ದೆ. ಯಾರು ಬಿಟ್ಟುಕೊಡುತ್ತಾರೆ?

ನನಗೆ ಉಳಿದದ್ದು ಬೇಹೋಶಿ ಡಾಕ್ಟರ್ ಒಬ್ಬರೇ. ಫೋನ್ ಮಾಡಿ ಅತ್ತೆ. ಅವರು ಸೋಮವಾರ ಮುಂಜಾನೆ ಥಿಯೇಟರಿನ ಬಾಗಿಲಲ್ಲಿ ಇವರನ್ನು ನಿಲ್ಲಿಸಿದರಂತೆ. ಲೇಡಿ ಡಾಕ್ಟರ್ ಕೈ ತೊಳೆದು, ಗ್ಲೌಸ್ ಹಾಕಿಕೊಂಡು, ಎರಡನೆಯ ಸ್ಟೂಲಿನ ಮೇಲೆ ಕೂತರೆ ಮಾತ್ರ ನಾನು ಮಲಗಿಸುತ್ತೇನೆ, ಇಲ್ಲವಾದರೆ ಮನೆಗೆ ಹೋಗುತ್ತೇನೆ ಎಂದರಂತೆ. ಇಷ್ಟು ವರ್ಷದ ಗೆಳೆತನದಲ್ಲಿ ಅವರು ಇವರಿಗೆ ಎದುರಾಡಿದ್ದು ಅದೊಂದೇ ಸಲ. ಇವರು ಒಪ್ಪಿದರು. ನಾನು ಎಣಿಸುವುದರಲ್ಲಿ ಅದು ಒಂದು.

ಆ ದಿನ ನಾನು ಅಡುಗೆಮನೆಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದೆ. ಸಪ್ಪಳ ಶುರುವಾಯಿತು. ಇವರ ಕೊರೆತ ನನಗೆ ಗೊತ್ತು, ಉದ್ದಕ್ಕೆ ಎಳೆದು, ಸ್ವಲ್ಪ ಬಿಟ್ಟು, ಮತ್ತೆ ಉದ್ದಕ್ಕೆ ಎಳೆಯುತ್ತದೆ. ಅದೇ ನಡೆದಿತ್ತು. ಒಲೆ ಹಚ್ಚಲಿಲ್ಲ. ಪಂಚಾಕ್ಷರಿ ಹೇಳುತ್ತಿದ್ದೆ. ಒಮ್ಮೆಲೇ ಸಪ್ಪಳ ಹರಿದು ನಿಂತಿತು. ಕೆಲಸ ಮುಗಿದಾಗ ಯಂತ್ರ ಇಳಿಯುತ್ತಾ ಇಳಿಯುತ್ತಾ ನಿಲ್ಲುತ್ತದೆ, ಇದು ಹಾಗೆ ನಿಲ್ಲಲಿಲ್ಲ. ಫರಸಿ ತಣ್ಣಗಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ, ಮತ್ತೆ ಶುರುವಾಯಿತು. ಈ ಸಲ ಸಣ್ಣ ಸಣ್ಣದಾಗಿ, ಹಕ್ಕಿ ಕಾಳು ಹೆಕ್ಕಿದ ಹಾಗೆ. ಆ ಕೈ ಇವರದಲ್ಲ ಎಂದು ನನ್ನ ಅಂಗಾಲಿಗೆ ತಿಳಿಯಿತು.

ಆಮೇಲೆ ಮೇಲೆ ಬಂದವರು ಬೇಹೋಶಿ ಡಾಕ್ಟರ್. ನೀರು ಕೇಳಿದರು. ಯಂತ್ರದ ತುದಿ ಎಲುಬಿನ ಮೇಲೆ ಜಾರಿ ನರಕ್ಕೆ ತಾಗಿತು, ಮಲಗಿದ್ದವಳ ಮುಖದ ಎಡಭಾಗ ಅದಿರಿತು ಎಂದರು. ಇವರು ಯಂತ್ರ ಎತ್ತಿ ತಟ್ಟೆಯಲ್ಲಿಟ್ಟು, ಸ್ಟೂಲಿನಿಂದ ಎದ್ದು, ಆ ಹುಡುಗಿಗೆ ಕೂಡ್ರವ್ವ ಎಂದರಂತೆ. ಆಕೆ ಕೂತಳು. ನರ ಹರಿದಿರಲಿಲ್ಲ, ಜಜ್ಜಿತ್ತು. ಅದು ಬಾತರೆ ಜಾಗ ಸಿಗಲಿ ಎಂದು ಸುತ್ತಲಿನ ಎಲುಬನ್ನು ಆಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೆಗೆದಳು, ರೋಗವನ್ನೂ ಪೂರ್ತಿ ತೆಗೆದಳು. ಇವರು ಎರಡೂ ಕೈಯನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಆನಿಕೊಂಡು ನಿಂತು ಕೊನೆಯತನಕ ನೋಡಿದರಂತೆ.

ನಾದಿನಿ ಎಚ್ಚರಾದಾಗ ಮುಖದ ಎಡಭಾಗ ಇಳಿದಿತ್ತು. ನೀರು ಕುಡಿದರೆ ತುಟಿಯ ಮೂಲೆಯಿಂದ ಸೋರುತ್ತಿತ್ತು. ಇವರು ಆಕೆಯ ಮಂಚದ ಹತ್ತಿರ ನಿಂತು, ರೋಗ ಬಹಳ ಆಗಿತ್ತು, ಹೀಗಾಗುತ್ತದೆ, ಸರಿಹೋಗುತ್ತದೆ ಎಂದರು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಡಾಕ್ಟರುಗಳಿಗೆ ಇಂಥ ಮಾತು ಬರುತ್ತದೆ, ನಿಜದಿಂದಲೇ ನೇಯ್ದ ಕಂಬಳಿ, ಒಳಗೆ ಏನಿದೆಯೋ ಕಾಣುವುದಿಲ್ಲ.

ಅಂದಿನಿಂದ ಇವರು ಯಂತ್ರ ಹಿಡಿದಿಲ್ಲ. ಆಪರೇಷನ್ ಎಲ್ಲ ಆ ಹುಡುಗಿಯೇ ಮಾಡುತ್ತಾಳೆ. ಇವರು ಹಿಂದಿನ ಸ್ಟೂಲಿನಲ್ಲಿ ಕೂತು ಟಿವಿ ನೋಡುತ್ತಾ ಬಾಯಲ್ಲಿ ಹೇಳುತ್ತಾರೆ. ಕೆಲವು ದಿನ ಏನೂ ಹೇಳದೆ ಎದ್ದು ಬರುತ್ತಾರೆ. ಊಟದಲ್ಲಿ ರುಚಿ ಹೋಯಿತು. ಬೇರೆ ಡಾಕ್ಟರುಗಳ ಸಭೆ, ಭಾಷಣ ಇದ್ದರೆ ಹೋಗುವುದನ್ನು ಬಿಟ್ಟರು. ಅಲ್ಲಿ ಎಲ್ಲರೂ ಈಗ ಏನು ಮಾಡುತ್ತಿದ್ದೀರಿ ಎಂದು ಕೇಳುತ್ತಾರಂತೆ.

ಕಮಲಾಪುರದಲ್ಲಿ ಬೇರೆ ಕಥೆ ಹುಟ್ಟಿತು. ನಡುವೆ ಕೈ ಬದಲಾದ ಸುದ್ದಿ ಹೇಗೋ ಊರಿಗೆ ಹೋಗಿತ್ತು. ಅಣ್ಣ ಅರ್ಧಕ್ಕೆ ಎದ್ದ, ಆ ಹುಡುಗಿ ಕೂತು ಕೆಡಿಸಿದಳು ಎಂದು ಜನ ಮಾತಾಡಿದರು. ಕೈಯಲ್ಲಿ ಶಿವ ಇರುವವನು ಕೆಡಿಸುವುದುಂಟೇ? ಇವರ ಬದಲು ಆಕೆ ಒಂದು ಗುರುವಾರ ಅಲ್ಲಿಗೆ ಹೋದರೆ, ಕೂತ ಜನ ಒಬ್ಬೊಬ್ಬರೇ ಎದ್ದು ಹೋದರು. ಆಕೆ ಬಂದು ಇವರ ಎದುರು ನಿಂತು, ಸರ್, ಇನ್ನು ಅಲ್ಲಿಗೆ ನನ್ನನ್ನು ಕಳಿಸಬೇಡಿ ಎಂದಳು. ಅಷ್ಟೇ. ಊರಿಗೆ ನಿಜ ಹೇಳುತ್ತೇನೆ ಎನ್ನದೆ ಇವರು ಆಗಲಿ ಎಂದರು. ಆ ಒಂದು ಮಾತು ಕೇಳಿ ನಾನು ಒಳಗೆ ಹೋದೆ. ಆ ಸಂಜೆ ದೀಪ ಹಚ್ಚಿದೆ, ಎಣಿಸಲಿಲ್ಲ.

ತಿಂಗಳುಗಳು ಹೋದವು. ನಾದಿನಿಯ ಬಾಯಿ ಮುಕ್ಕಾಲು ಸರಿಹೋಯಿತು, ನೀರು ಸೋರುವುದು ನಿಂತಿತು, ನಗು ಬಂತು, ಸ್ವಲ್ಪ ಸೊಟ್ಟ. ಇವೆಲ್ಲವನ್ನೂ ನಾನು ಎಣಿಸಿದ್ದೇನೆ. ಎಡಗಣ್ಣು ಮಾತ್ರ ಮುಚ್ಚುವುದಿಲ್ಲ. ಮಲಗುವಾಗ ಪಟ್ಟಿ ಹಚ್ಚಬೇಕು, ಹಗಲು ಆಗಾಗ ಹನಿ ಹಾಕಬೇಕು, ಇಲ್ಲವಾದರೆ ಕಣ್ಣು ಒಣಗಿ ಕೆಡುತ್ತದೆ. ಆಕೆಯ ನಾಲಿಗೆಗೇನೂ ಆಗಿಲ್ಲ. ಲಿಂಗ ನೋಡುವಾಗ ರೆಪ್ಪೆ ಬಡಿಯಬಾರದು ಎನ್ನುತ್ತಾರಲ್ಲ, ಈಗ ಒಂದು ಕಣ್ಣಾದರೂ ಗೆದ್ದಿದೆ, ಅಣ್ಣನ ದಯ ಎಂದು ನನ್ನ ಮುಂದೆ ನಗುತ್ತಾಳೆ. ಆ ನಗೆಯಲ್ಲಿ ಆಕೆಗೆ ಎಷ್ಟು ಗೊತ್ತಿದೆ ಎಂದು ನಾನು ಕೇಳಿರಲಿಲ್ಲ.

ಮೊನ್ನೆ ಒಂದು ಗುರುವಾರ ನಾನೂ ಇವರ ಜೊತೆ ಹೋಗಿದ್ದೆ. ಮುಂಜಾನೆ ನಾದಿನಿಯ ಮನೆಯಲ್ಲಿ ಅಣ್ಣ ತಂಗಿ ಎದುರುಬದುರು ಮಣೆ ಹಾಕಿಕೊಂಡು ಪೂಜೆಗೆ ಕೂತರು. ಇವರು ಈಗ ಎಡಗೈಯನ್ನು ಒಂದು ಸಣ್ಣ ಸ್ಟೂಲಿನ ಮೇಲೆ ಊರಿಕೊಂಡು ಲಿಂಗ ಹಿಡಿಯುತ್ತಾರೆ. ಆದರೂ ಪತ್ರಿ ಅಲುಗಾಡುತ್ತದೆ. ಪೂಜೆ ಮುಗಿದು ಇವರಿಗೆ ಹಾಲು ಕೊಟ್ಟೆ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಬಂದಳು. ಮಾವನವರ ಕಾಲದಲ್ಲಿ ಅವರ ಬಾಗಿಲಲ್ಲಿ ಕೂತವಳು. ನಾದಿನಿಯ ಮುಚ್ಚದ ಕಣ್ಣನ್ನೇ ನೋಡಿ ಕೈ ಮುಗಿದಳು.

"ಆ ಹುಡುಗಿ ಡಾಕ್ಟರ್ ಕೆಡಸಿದ್ರೂ ಶಿವ ಕೈ ಬಿಡ್ಲಿಲ್ಲ ನೋಡ್ರಿ. ಅಪ್ಪಗ ಕೈಯಾಗ ಬಂದಿದ್ದ, ಮಗಳಿಗಿ ಕಣ್ಣಾಗ ಬಂದಾನ" ಎಂದು ನಾದಿನಿಯ ಪಾದಕ್ಕೆ ಬಾಗಹೋದಳು.

ನಾನು ಮುದುಕಿಯ ಭುಜ ಹಿಡಿದೆ. ಹಿಂದೊಂದು ಸಲ ಸುಮ್ಮನಿದ್ದು ಹೂವು ಏರಿಸಿದ್ದೇ ಸಾಕಾಗಿತ್ತು. "ಇಲ್ಲಬೇ ಆಯಿ, ಶಿವ ಅಲ್ಲ ಅದು. ನರಕ್ಕ ಪೆಟ್ಟು ಬಿದ್ದದ, ಕಣ್ಣು ಮುಚ್ಚವಲ್ದು" ಎಂದೆ.

ಮುದುಕಿ ನಂಬಲಾರದೆ ನಾದಿನಿಯ ಕಡೆ ನೋಡಿದಳು. ನಾದಿನಿ ನನ್ನ ಕಡೆ ನೋಡಲಿಲ್ಲ, ಅಣ್ಣನ ಕಡೆ ನೋಡಿದಳು. ಆ ಒಂದು ಕಣ್ಣು ರೆಪ್ಪೆ ಬಡಿಯದೆ ನೋಡುತ್ತಿತ್ತು. ಇವರು ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕೆಳಗಿಟ್ಟರು. ಇಡುವಾಗ ಸ್ವಲ್ಪ ಚೆಲ್ಲಿತು.

"ಆ ಹುಡುಗಿ ಕೆಡಸಿಲ್ಲ. ನನ್ನ ಕೈಲಿ ಆಗ್ಯದ. ನನ್ನ ಕೈ ನಡಗ್ತದ, ಗೊತ್ತಿದ್ದೂ ಕೂತಿದ್ದೆ. ಆಕಿ ಇದ್ದದ್ದಕ್ಕ ಇಷ್ಟಾದ್ರೂ ಉಳೀತು" ಎಂದರು.

ಮುದುಕಿ ಮುಗಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸೆರಗಿನಲ್ಲಿ ಒರೆಸಿಕೊಂಡಳು. ಹೊರಗೆ ರೋಗಿಗಳು ಕೂತಿದ್ದ ಕಟ್ಟೆಯಲ್ಲಿ ಮಾತು ನಿಂತಿತ್ತು. ಎಲ್ಲರಿಗೂ ಕೇಳಿಸಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದಿಬ್ಬರು ಎದ್ದು ಹೋದದ್ದನ್ನೂ ಕಂಡೆ. ಇವರೂ ಕಂಡರು.

ನಾದಿನಿ ಚೆಲ್ಲಿದ ಹಾಲನ್ನು ಒರೆಸಿ, "ಗೊತ್ತಿತ್ತಣ್ಣ" ಎಂದಳು. "ನೀ ಹೇಳ್ತೀಯೋ ಇಲ್ಲೋ ಅಂತ ನೋಡ್ಲಕತ್ತಿದ್ದೆ."

ಕ್ಷಮಿಸಿದೆ ಎನ್ನಲಿಲ್ಲ.

ಹನಿ ಹಾಕುವ ಹೊತ್ತಾಗಿತ್ತು. ಇವರು ಗೂಡಿನಿಂದ ಬಾಟಲಿ ತೆಗೆದರು, ಮುಚ್ಚಳ ತಿರುವಿದರು, ತಂಗಿಯ ಮುಖದ ಹತ್ತಿರ ಒಯ್ದರು. ನಿಂತರು. ಆಮೇಲೆ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ನಾದಿನಿ ತಲೆ ಹಿಂದಕ್ಕೆ ಚೆಲ್ಲಿದಳು, ನಾನು ಎರಡು ಹನಿ ಬಿಟ್ಟೆ. ನಾವು ಕಲಬುರಗಿಗೆ ತಿರುಗಿ ಬಂದ ಮೇಲೆ ಇವರು ಬಟ್ಟೆಯನ್ನೂ ಬದಲಿಸದೆ ಕೆಳಗಿಳಿದು, ಆ ಹುಡುಗಿಗೆ ಮುಂದಿನ ಗುರುವಾರ ನನ್ನ ಜೊತೆ ಬಾ ಎಂದರಂತೆ. ನೋಡುತ್ತೇನೆ ಸರ್ ಎಂದಳಂತೆ.

ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಆ ಸಂಜೆ ದೀಪ ಹಚ್ಚಿ, ಬಾಗಿಲು ಅರೆ ಮುಚ್ಚಿಕೊಂಡು ಕೂತೆ. ನೋಡುತ್ತೇನೆ ಎಂದಳಲ್ಲ, ಅದನ್ನು ಎಣಿಸಿದೆ.